ಎಥನಾಲ್ ಘಟಕದ ತ್ಯಾಜ್ಯ ನೀರು ತಾಗಿದೊಡನೆ ಪ್ಯಾರಮೀಸಿಯಂ ಸಾಯುವುದೇಕೆ?

"ಎಥನಾಲ್ ಘಟಕದ ತ್ಯಾಜ್ಯ ನೀರನ್ನು ಒಂದು ಹನಿ ಹಾಕಿದೆ, ಪ್ಯಾರಮೀಸಿಯಂಗಳೆಲ್ಲ ನಿಮಿಷದೊಳಗೆ ಸತ್ತವು. ಅದರಲ್ಲಿರುವ ವಿಷ ಯಾವುದು?" ಎಂದು ಸಿಹಿನೀರಿನ ಈ ಏಕಕೋಶ ಜೀವಿಯ ಬಗ್ಗೆ ಕೇಳಿದ್ದೀರಿ. ದಾವಣಗೆರೆಯಲ್ಲಿ ಬಿ.ಎಸ್‌ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ ಎಂದೂ ಬರೆದಿದ್ದೀರಿ. ನಾನು ಇದೇ ಊರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಮೇಷ್ಟರ ಧಾಟಿ ಇಣುಕಿದರೆ ಸಹಿಸಿಕೊಳ್ಳಿ.

ವಿಷ ಒಂದೇ ಎಂದು ಹುಡುಕಲು ಹೊರಟರೆ ಪ್ರಾಜೆಕ್ಟ್ ಹಳ್ಳ ಹಿಡಿಯುತ್ತದೆ. ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ) ಒಂದು ಲೀಟರ್ ಎಥನಾಲ್ ತೆಗೆದರೆ ಸಾಮಾನ್ಯವಾಗಿ 8ರಿಂದ 15 ಲೀಟರ್ ಕಡುಕಂದು ನೀರು ಉಳಿಯುತ್ತದೆ. ಅದೇ ಸ್ಪೆಂಟ್ ವಾಶ್. ಅದರ ಪಿಎಚ್ 4ರ ಆಸುಪಾಸು, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ ಸುಮಾರು ಒಂದು ಲಕ್ಷ ಮಿಲಿಗ್ರಾಂ. ತಟಸ್ಥ ನೀರಿಗೆ ಒಗ್ಗಿದ ಜೀವಿಯನ್ನು ಕೊಲ್ಲಲು ಆ ಹುಳಿಯೊಂದೇ ಸಾಕು. ಮೇಲಾಗಿ ಅಸಿಟಿಕ್, ಲ್ಯಾಕ್ಟಿಕ್‌ನಂತಹ ಸಾವಯವ ಆಮ್ಲಗಳು ಪೊರೆಯನ್ನು ದಾಟಿ ಕೋಶದೊಳಕ್ಕೇ ನುಗ್ಗುತ್ತವೆ. ಆದ್ದರಿಂದ ಅದೇ ಪಿಎಚ್‌ನ ಹೈಡ್ರೋಕ್ಲೋರಿಕ್ ಆಮ್ಲದ ನೀರನ್ನು ಇನ್ನೊಂದು ಸ್ಲೈಡಿಗೆ ಹಾಕಿ, ಎರಡನ್ನೂ ಹೋಲಿಸಿ.

ಆಮ್ಲಜನಕದ ಕೊರತೆಯಿಂದ ಸತ್ತವು ಎಂದು ಮಾತ್ರ ಬರೆಯಬೇಡಿ. ಆ ಸಾವು ನಿಮಿಷಗಳಲ್ಲಿ ಬರುವುದಿಲ್ಲ; ಬ್ಯಾಕ್ಟೀರಿಯಾಗಳು ಸಾವಯವ ಪದಾರ್ಥವನ್ನು ತಿನ್ನುತ್ತಾ ಆಮ್ಲಜನಕವನ್ನು ಮುಗಿಸಲು ಹೊತ್ತು ಹಿಡಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪೊಟ್ಯಾಸಿಯಂ ಹಿಂದೆ ಬೀಳುತ್ತಿದ್ದೆ. ಕಾಕಂಬಿಯ ಸ್ಪೆಂಟ್ ವಾಶ್‌ನಲ್ಲಿ ಅದು ಲೀಟರಿಗೆ ಹಲವು ಗ್ರಾಂ ಇರುತ್ತದೆ. ಹೊರಗೆ ಪೊಟ್ಯಾಸಿಯಂ ಏಕಾಏಕಿ ಏರಿದರೆ ಪೊರೆಯ ವಿದ್ಯುತ್ ವ್ಯತ್ಯಾಸ ಕುಸಿದು ಕ್ಯಾಲ್ಸಿಯಂ ಒಳಗೆ ಬರುತ್ತದೆ, ಈಜಲು ನೆರವಾಗುವ ಕೂದಲಿನಂತಹ ಲೋಮಾಂಗಗಳ ಬಡಿತ ತಿರುಗುಮುರುಗಾಗುತ್ತದೆ, ಪ್ಯಾರಮೀಸಿಯಂ ಹಿಮ್ಮುಖವಾಗಿ ಈಜತೊಡಗುತ್ತದೆ! ಮೊದಲು ಪಿಎಚ್ ಅನ್ನು 7ಕ್ಕೆ ತನ್ನಿ, ಬಳಿಕ ಹತ್ತು ಪಟ್ಟು ನೀರು ಬೆರೆಸಿ ನೋಡಿ. ಪಕ್ಕದಲ್ಲಿ ಬರೀ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಸ್ಲೈಡ್ ಇರಲಿ. ಕೋಶದೊಳಗಿನ ಪುಟ್ಟ ಚೀಲವಾದ ಸಂಕೋಚನಶೀಲ ರಸದಾನಿಯ ಮೇಲೂ ಕಣ್ಣಿಡಿ: ಒಳನುಗ್ಗುವ ನೀರನ್ನು ಅದು ಕೆಲವು ಸೆಕೆಂಡಿಗೊಮ್ಮೆ ಹೊರದಬ್ಬುತ್ತಿರುತ್ತದೆ, ಹೊರಗೆ ಲವಣ ಹೆಚ್ಚಿದಷ್ಟೂ ಅದರ ಬಡಿತ ನಿಧಾನವಾಗುತ್ತದೆ. ಗಡಿಯಾರ ಹಿಡಿದು ಎಣಿಸಿದರೆ ಸಾವಿಗಿಂತ ಮೊದಲೇ ತೊಂದರೆ ಅಂಕಿಯಲ್ಲಿ ಸಿಗುತ್ತದೆ.

ನೀರು ಬೆರೆಸುವುದನ್ನು 100 ಪಟ್ಟು, 1000 ಪಟ್ಟಿನವರೆಗೂ ಒಯ್ಯಿರಿ. ಸ್ಪೆಂಟ್ ವಾಶ್ ಅನ್ನು ಹೊರಗೆ ಬಿಡುವಂತಿಲ್ಲ ಎಂಬ ನಿಯಮವಿದೆ. ಆದರೂ ಸೋರಿದರೆ ಕಾಲುವೆಯಲ್ಲಿ ಅದು ಹೀಗೆ ತೆಳುವಾಗಿಯೇ ಹರಿಯುತ್ತದೆ. ತೀರಾ ತೆಳುವಾದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ, ಅವನ್ನು ತಿನ್ನುವ ಪ್ಯಾರಮೀಸಿಯಂಗಳ ಸಂಖ್ಯೆಯೂ ಏರಬಹುದು. ಗಾಬರಿಯಾಗಿ ಆ ಅಂಕಿಗಳನ್ನು ಅಳಿಸಬೇಡಿ. ಪಾಚಿಯ ಕಥೆ ಬೇರೆ: ಸ್ಪೆಂಟ್ ವಾಶ್‌ಗೆ ಬಣ್ಣ ಕೊಡುವ ಮೆಲನಾಯ್ಡಿನ್ ಎಂಬ ವಸ್ತುಗಳ ಕಂದು ಬಣ್ಣ ಬೆಳಕನ್ನೇ ತಡೆಯುತ್ತದೆ.

ನಿಮ್ಮ ಬಾಟಲಿಯ ನೀರು ಕಾಕಂಬಿಯದೋ ಮೆಕ್ಕೆಜೋಳದ್ದೋ, ಬಯೋಗ್ಯಾಸ್ ತೊಟ್ಟಿಗೆ ಹೋಗುವ ಮೊದಲಿನದೋ ನಂತರದ್ದೋ ತಿಳಿಸಿ. ತೊಟ್ಟಿಯಿಂದ ಹೊರಬಂದ ನೀರಾದರೆ ಹುಳಿ ಬಹುಪಾಲು ಹೋಗಿರುತ್ತದೆ. ಆಗ ತೊಟ್ಟಿಯಲ್ಲಿ ಹುಟ್ಟುವ ವಿಷಕಾರಿ ಸಲ್ಫೈಡ್ ಅನ್ನು ಮೊದಲು ಅಳೆಯಬೇಕು.