ಮೊಮ್ಮಗನ ಸಿಟ್ಟು ನ್ಯಾಯವಾದದ್ದೇ

ಓದುಗರ ಪತ್ರ: ಮಗಳ ಮನೆಗೆಂದು ಅಮೆರಿಕದ ಕೊಲಂಬಸ್‌ಗೆ ಬಂದಿದ್ದೇನೆ. ಮೊಮ್ಮಗ ಇಲ್ಲಿನ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಊಟಕ್ಕೆ ಕೂತರೂ ಅಮೆರಿಕನ್ ಫುಟ್‌ಬಾಲಿನದೇ ಮಾತು. ಮಿಸಿಸಿಪಿ ವಿಶ್ವವಿದ್ಯಾಲಯದ ‘ಓಲ್ ಮಿಸ್’ ತಂಡ ಬಿಟ್ಟು ಎದುರಾಳಿ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ, ಅಂದರೆ ಎಲ್‌ಎಸ್‌ಯು ಸೇರಿದ ಲೇನ್ ಕಿಫಿನ್ ಎಂಬ ಕೋಚ್ ದ್ರೋಹಿಯಂತೆ. ನಾನು ಬ್ಯಾಂಕಿನಲ್ಲಿ ಹನ್ನೊಂದು ಶಾಖೆ ಕಂಡವನು. ಹೆಚ್ಚು ಸಂಬಳ ಸಿಗುವಲ್ಲಿಗೆ ಹೋಗುವುದು ದ್ರೋಹವೇ? ಪಕ್ಕದ ರಾಜ್ಯದ ಕಾಲೇಜು ಮಿಶಿಗನ್ನನ್ನು ಇವರು ವರ್ಷವಿಡೀ ದ್ವೇಷಿಸುವುದು ಓದಿದವರಿಗೆ ಶೋಭೆಯೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಹಿರಿಯರೇ, ತಮ್ಮ ಪತ್ರ ಓದಿ ಸಂತೋಷವಾಯಿತು. ಆದರೆ ಈ ಜಗಳದಲ್ಲಿ ನಾನು ತಮ್ಮ ಮೊಮ್ಮಗನ ಪಕ್ಷ ಎಂದು ಮೊದಲೇ ಹೇಳಿಬಿಡುತ್ತೇನೆ.

ತಮ್ಮ ವಾದದಲ್ಲಿ ಹುರುಳಿಲ್ಲವೆಂದಲ್ಲ. ಎಲ್‌ಎಸ್‌ಯುಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ನಿಕ್ ಸೇಬನ್ ಅದನ್ನು ಬಿಟ್ಟು ವೃತ್ತಿಪರ ತಂಡಕ್ಕೆ ಹೋದರು. 2006ರ ಡಿಸೆಂಬರಿನಲ್ಲಿ ಅಲಬಾಮ ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ ಎಂದು ಪತ್ರಕರ್ತರ ಮುಂದೆ ಹೇಳಿ, ಜನವರಿ ಮೊದಲ ವಾರದಲ್ಲೇ ಅಲ್ಲಿಗೆ ಹೋದರು. ಅಲ್ಲಿ ಆರು ಪ್ರಶಸ್ತಿ ಗೆದ್ದರು. ಅವರ ಹೆಸರಿಗೆ ಕುಂದೇನೂ ಬರಲಿಲ್ಲ. ಗೆಲುವಿನ ಲೆಕ್ಕ ಒಂದನ್ನೇ ಹಿಡಿದರೆ ತಾವು ಹೇಳುವುದೇ ಸರಿ.

ಆದರೆ ಬ್ಯಾಂಕನ್ನು ಇದಕ್ಕೆ ಹೋಲಿಸಬೇಡಿ. ತಮ್ಮನ್ನು ಹನ್ನೊಂದು ಊರಿಗೆ ಕಳಿಸಿದ್ದು ವರ್ಗಾವಣೆಯ ಆದೇಶ. ತಾವು ಹೋದ ಮೇಲೂ ಗ್ರಾಹಕರ ಠೇವಣಿ ಲೆಡ್ಜರಿನಲ್ಲಿ ಹಾಗೇ ಇತ್ತು. ಕಾಲೇಜು ಕೋಚ್ ಕೆಲಸ ಶುರುಮಾಡುವುದೇ ಹದಿನೇಳು ವರ್ಷದ ಹುಡುಗನ ಮನೆಯಲ್ಲಿ, ತಾಯಿಯ ಎದುರು ಕೂತು. ನಿಮ್ಮ ಮಗನನ್ನು ನನ್ನ ಕೈಗೆ ಕೊಡಿ, ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಆ ಮಾತಿನ ಮೇಲೆ ಹುಡುಗ ಕಾಲೇಜು ಆರಿಸುತ್ತಾನೆ. ಅವನಿಗಿರುವುದು ಆಡುವ ನಾಲ್ಕು ವರ್ಷ. 2021ರವರೆಗೆ ನಿಯಮ ಹೇಗಿತ್ತು ಗೊತ್ತೇ? ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕು. ಕೋಚ್ ಮಾತ್ರ ಇವತ್ತು ಬಿಟ್ಟು ನಾಳೆ ಇನ್ನೊಂದು ಕಡೆ ಸೇರಬಹುದು. ಕಟ್ಟೆಲ್ಲ ಹುಡುಗನಿಗೆ, ಬಿಡುಗಡೆಯೆಲ್ಲ ದೊಡ್ಡವನಿಗೆ.

ಕಿಫಿನ್ ಹೋದದ್ದು ಯಾವಾಗ ಎಂಬುದನ್ನೂ ನೋಡಿ. 2025ರ ನವೆಂಬರ್ ಕೊನೆಗೆ ಓಲ್ ಮಿಸ್ ಹನ್ನೊಂದು ಪಂದ್ಯ ಗೆದ್ದು ಒಂದನ್ನಷ್ಟೇ ಸೋತಿತ್ತು. ಪ್ರಶಸ್ತಿಯ ಸುತ್ತು ಎದುರಿಗಿತ್ತು. ಅದನ್ನು ಮುಗಿಸಿಯೇ ಹೋಗುತ್ತೇನೆ ಎಂದು ಅವರು ಕೇಳಿಕೊಂಡರು. ವಿಶ್ವವಿದ್ಯಾಲಯ ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ.

ಇದಕ್ಕೆ ಹಳೆಯ ಮೇಲ್ಪಂಕ್ತಿಯೊಂದಿದೆ. 1989ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಬಿಲ್ ಫ್ರೀಡರ್, ರಾಷ್ಟ್ರೀಯ ಟೂರ್ನಿ ಇನ್ನೇನು ಶುರುವಾಗಬೇಕು ಎನ್ನುವಾಗ ಅರಿಜೋನ ಸ್ಟೇಟ್ ಸೇರುವುದಾಗಿ ಹೇಳಿದರು. ಟೂರ್ನಿ ಮುಗಿಸಿಕೊಟ್ಟು ಹೋಗುವ ಆಸೆ ಅವರಿಗೂ ಇತ್ತು. ಆಗ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿದ್ದವರು ಬೋ ಶೆಂಬೆಕ್ಲರ್. ಮಿಶಿಗನ್ ತಂಡವನ್ನು ನಡೆಸುವವನು ಮಿಶಿಗನ್ನಿನವನೇ ಆಗಿರಬೇಕು ಎಂದು ಹೇಳಿ, ಸಹಾಯಕ ಸ್ಟೀವ್ ಫಿಷರ್ ಕೈಗೆ ತಂಡ ಕೊಟ್ಟರು. ಆ ಹುಡುಗರು ಆರಕ್ಕೆ ಆರೂ ಗೆದ್ದು ಪ್ರಶಸ್ತಿ ತಂದರು!

ಈ ಬೋ ಯಾರು? ಹುಟ್ಟಿದ್ದು ಮಿಶಿಗನ್ನಿನಲ್ಲಲ್ಲ, ಒಹಾಯೋದಲ್ಲಿ. ತಾವೀಗ ಇರುವ ಊರಿನ ದೈವ ವುಡಿ ಹೇಯ್ಸ್ ಅವರ ಕೈಕೆಳಗೆ ಆಡಿ, ಅವರಿಗೇ ಸಹಾಯಕರಾಗಿ ದುಡಿದವರು. ಎರಡನೆಯ ಪ್ರಶ್ನೆಗೆ ಉತ್ತರ ಇವರಿಬ್ಬರ ಕತೆಯಲ್ಲೇ ಇದೆ. ಹೇಯ್ಸ್ 1951ರಿಂದ 1978ರವರೆಗೆ ಒಹಾಯೋ ಸ್ಟೇಟ್ ಕೋಚ್. ಮಿಶಿಗನ್ ಎಂಬ ಹೆಸರನ್ನೇ ಬಾಯಲ್ಲಿ ತರದೆ ‘ಬಡಗಣದ ಆ ತಂಡ’ ಎನ್ನುತ್ತಿದ್ದರು. 1968ರಲ್ಲಿ 50–14ರಿಂದ ಮಿಶಿಗನ್ನನ್ನು ಜಜ್ಜಿದರು. ಮರುವರ್ಷ ಮಿಶಿಗನ್‌ಗೆ ಬಂದ ಶಿಷ್ಯ, ಸತತ ಇಪ್ಪತ್ತೆರಡು ಪಂದ್ಯ ಗೆದ್ದಿದ್ದ ಗುರುವಿನ ತಂಡವನ್ನು 24–12ರಿಂದ ಸೋಲಿಸಿದರು. ಆ ಪಂದ್ಯದಿಂದ ಹಿಡಿದು ಹತ್ತು ವರ್ಷ ನಡೆದದ್ದನ್ನು ಅಲ್ಲಿನವರು ‘ಹತ್ತು ವರ್ಷದ ಯುದ್ಧ’ ಎನ್ನುತ್ತಾರೆ. ಶಿಷ್ಯನಿಗೆ ಐದು, ಗುರುವಿಗೆ ನಾಲ್ಕು, 1973ರ 10–10 ಪಂದ್ಯ ಯಾರದ್ದೂ ಅಲ್ಲ. ಇದು ಬರೀ ದ್ವೇಷವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಗದಾಯುದ್ಧ ಓದಿ ಬೆಳೆದ ನಮಗೆ ಸರಿಸಮನಾದ ಹಗೆ ಎಂದರೇನೆಂದು ಬಿಡಿಸಿ ಹೇಳಬೇಕೇ?

ಬೋ ಅವರಿಗೂ ಆಸೆ ತೋರಿಸಿದವರಿದ್ದರು. 1982ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ, ಕಾಲೇಜು ಕೋಚ್‌ಗಳು ಅಲ್ಲಿಯವರೆಗೆ ಕಂಡರಿಯದಷ್ಟು ದೊಡ್ಡ ಸಂಬಳ ಮುಂದಿಟ್ಟು ಕರೆಯಿತು. ದುಡ್ಡಿಗಿಂತ ಮುಖ್ಯವಾದವು ಇವೆ ಎಂದು ಹೇಳಿ ಅವರು ಮಿಶಿಗನ್ನಿನಲ್ಲೇ ಉಳಿದರು. ರಾಷ್ಟ್ರೀಯ ಪ್ರಶಸ್ತಿ ಒಂದೂ ಬಾರದೆ 21 ಸೀಸನ್ ಮುಗಿಸಿದರು. ಅದೇ ಟೆಕ್ಸಾಸ್ ಎ ಅಂಡ್ ಎಂ 2023ರಲ್ಲಿ ಜಿಂಬೋ ಫಿಷರ್ ಎಂಬ ಕೋಚನ್ನು ಮನೆಗೆ ಕಳಿಸಿದಾಗ, ಒಪ್ಪಂದದಂತೆ ತಲೆಯ ಮೇಲೆ ಬಂದ ಬಾಕಿ 7.5 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡಲು ಕೊಟ್ಟದ್ದಲ್ಲ ಹಿರಿಯರೇ, ಮಾಡದಿರಲು!

ಒಂದೇ ಕಡೆ ಉಳಿದವರೆಲ್ಲ ದೇವರೆಂದು ನಾನು ಹೇಳುತ್ತಿಲ್ಲ. ಹೇಯ್ಸ್ 1978ರ ಕೊನೆಯ ಪಂದ್ಯದಲ್ಲಿ ಎದುರಾಳಿ ಹುಡುಗನಿಗೆ ಗುದ್ದಿದರು. ಮರುದಿನವೇ ಕೆಲಸ ಹೋಯಿತು, ಹೋಗಲೇಬೇಕಿತ್ತು. ಬೋ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ತಂಡದ ವೈದ್ಯನ ಲೈಂಗಿಕ ದೌರ್ಜನ್ಯವನ್ನು ಅವರಿಗೆ ಹೇಳಿದ್ದೆವು, ಅವರು ತಡೆಯಲಿಲ್ಲ ಎಂದು ಹಳೆಯ ಆಟಗಾರರು ಮುಂದೆ ಬಂದರು. ಆ ವೈದ್ಯನಿಂದ ನೊಂದ ಸಾವಿರಕ್ಕೂ ಹೆಚ್ಚು ಮಂದಿಗೆ 49 ಕೋಟಿ ಡಾಲರ್ ಪರಿಹಾರ ಕೊಡಲು ವಿಶ್ವವಿದ್ಯಾಲಯ 2022ರಲ್ಲಿ ಒಪ್ಪಿತು. ಇದನ್ನು ಓದಿದಾಗ ನನಗೆ ಹೊಟ್ಟೆ ಕಿವುಚಿದಂತಾಯಿತು. ನನ್ನ ವಾದಕ್ಕೆ ಒಗ್ಗುವುದಿಲ್ಲವೆಂದು ಮುಚ್ಚಿಡಲಾರೆ. ಬಿಟ್ಟು ಹೋದವನನ್ನೂ ಉಳಿದವನನ್ನೂ ನಾನು ಕೇಳುವುದು ಒಂದನ್ನೇ: ನಿನ್ನನ್ನು ನಂಬಿ ಬಂದ ಹುಡುಗನಿಗೆ ಏನಾದೆ?

ಇದನ್ನು ಕೇಳಲು ನನಗೊಂದು ಕಾರಣವಿದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಪರೀಕ್ಷೆಗೆ ಎರಡು ತಿಂಗಳು ಇದೆ ಎನ್ನುವಾಗ ನಮ್ಮ ಗಣಿತದ ಮೇಷ್ಟ್ರು ಹೆಚ್ಚು ಸಂಬಳ ಕೊಡುವ ಶಾಲೆಗೆ ಹೋದರು. ಅವರಿಗೂ ಸಂಸಾರವಿತ್ತು, ಅವರನ್ನು ಶಪಿಸಲಾರೆ. ಆದರೆ ಬೋರ್ಡಿನ ಮೇಲೆ ಅವರು ಅರ್ಧಕ್ಕೆ ಬಿಟ್ಟ ತ್ರಿಕೋನಮಿತಿಯ ಲೆಕ್ಕ ಒಂದು ವಾರ ಹಾಗೇ ಇತ್ತು, ಒರೆಸಲು ಯಾರಿಗೂ ಮನಸ್ಸು ಬಂದಿರಲಿಲ್ಲ. ನಲವತ್ತು ಮಕ್ಕಳು ಅದನ್ನೇ ನೋಡುತ್ತ ಕೂತಿದ್ದೆವು.

ಈಗ ಕೋಚ್‌ಗಳನ್ನಷ್ಟೇ ಬೈದು ಏನು ಪ್ರಯೋಜನ? ವಿಶ್ವವಿದ್ಯಾಲಯಗಳೇ ಊರು ಬಿಟ್ಟಿವೆ. 1894ರಿಂದ ಬಂದ ಟೆಕ್ಸಾಸ್–ಟೆಕ್ಸಾಸ್ ಎ ಅಂಡ್ ಎಂ ಪಂದ್ಯ, ಒಂದು ತಂಡ ಬೇರೆ ಒಕ್ಕೂಟ ಸೇರಿತೆಂದು 2011ರಲ್ಲಿ ನಿಂತು, ಮತ್ತೆ ನಡೆದದ್ದು 2024ರಲ್ಲಿ. ಒಕ್ಲಹೋಮದ ಎರಡು ತಂಡಗಳ ನೂರು ವರ್ಷ ದಾಟಿದ ಪಂದ್ಯ 2023ರ ನಂತರ ನಡೆದಿಲ್ಲ. ಟಿವಿ ಹಕ್ಕಿನ ಹಣಕ್ಕಾಗಿ ಲಾಸ್ ಏಂಜಲೀಸ್‌ನ ಹುಡುಗರು ಇಡೀ ಖಂಡ ದಾಟಿ ನ್ಯೂಜರ್ಸಿಯಲ್ಲಿ ಲೀಗ್ ಪಂದ್ಯ ಆಡಿ, ಸೋಮವಾರ ತರಗತಿಯಲ್ಲಿ ಕೂರಬೇಕು. ಪಕ್ಕದೂರಿನವರ ಜತೆ ಆಡಿದರೆ ಗೆದ್ದವರನ್ನೂ ಸೋತವರನ್ನೂ ಮರುದಿನ ಸಂತೆಯಲ್ಲಿ ಕಾಣಬೇಕಾಗುತ್ತದೆ. ಅದು ಟಿವಿಯವರಿಗೆ ಬೇಕಿಲ್ಲ.

ಮುಂದಿನ ನವೆಂಬರಿಗೂ ತಾವು ಅಲ್ಲೇ ಇದ್ದರೆ ಮೊಮ್ಮಗನ ಜತೆ ಕ್ಯಾಂಪಸ್ಸಿಗೆ ಹೋಗಿಬನ್ನಿ. ಮಿಶಿಗನ್ ಪಂದ್ಯದ ವಾರ ಅಲ್ಲಿನ ಫಲಕಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಹುಡುಗರು ಕೆಂಪು ಪಟ್ಟಿ ಅಂಟಿಸಿರುತ್ತಾರೆ. ದಯವಿಟ್ಟು ಬೈಯಬೇಡಿ. ಬದಲಿಗೆ ಈ ಒಂದು ಸಂಗತಿ ಹೇಳಿ: 1987ರ ಮಾರ್ಚಿನಲ್ಲಿ, ಸಾಯುವುದಕ್ಕೆ ಸ್ವಲ್ಪವೇ ಮುಂಚೆ, ನಡೆಯಲೂ ಕಷ್ಟಪಡುತ್ತಿದ್ದ ವುಡಿ ಹೇಯ್ಸ್ ಬೇಡವೆಂದರೂ ಕೇಳದೆ ಡೇಟನ್ನಿನ ಒಂದು ಸಭೆಗೆ ಹೋದರು. ಅಂದಿನ ಅತಿಥಿಯನ್ನು ಪರಿಚಯಿಸಿ ನಾಲ್ಕು ಮಾತಾಡಲು. ಅತಿಥಿ ಬಡಗಣದ ಆ ತಂಡದ ಕೋಚ್, ಬೋ.

– ಸಂ.