‘ಹನ್ನೆರಡು ತಿಂಗಳ ಎಂಒಟಿ ಇದೆ’ ಎಂದರೆ ಹಳೆ ಕಾರನ್ನು ನಂಬಿ ಕೊಳ್ಳಬಹುದೇ? ಬೆಂಗಳೂರಿನ ಲೈಸೆನ್ಸ್ ಸಾಲದೇ?

ಇಂಗ್ಲೆಂಡಿಗೆ ಬಂದು ಐದು ತಿಂಗಳಾಯಿತು, ಹತ್ತು ವರ್ಷದ ಕಾರೊಂದನ್ನು ‘ಪೂರ್ತಿ ಎಂಒಟಿ ಇದೆ’ ಎಂದು ಮಾರುತ್ತಿದ್ದಾರೆ, ಜೊತೆಗೆ ಇಲ್ಲಿನ ಡ್ರೈವಿಂಗ್ ಟೆಸ್ಟನ್ನೂ ಪಾಸಾಗಬೇಕೇ ಎಂದು ಕೇಳಿದ್ದೀರಿ. ಎಂಒಟಿ ಎಂದರೆ ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಇಲ್ಲಿನ ವಾರ್ಷಿಕ ತಪಾಸಣೆ. ಕಾರಿನ ವಿಷಯದಲ್ಲಿ ಸರ್ಟಿಫಿಕೇಟನ್ನು ನಂಬಬೇಡಿ, ಅದರ ಚರಿತ್ರೆ ಓದಿ. ಟೆಸ್ಟ್ ಪಾಸಾಗಲೇಬೇಕು, ತಯಾರಿ ಈಗಲೇ ಶುರುಮಾಡಿ.

ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ತುಂಬುವವರೆಗೆ ಹೊಗೆ ತಪಾಸಣೆ ಬಿಟ್ಟರೆ ಆರ್‌ಟಿಒ ಕಡೆ ತಲೆ ಹಾಕುವ ಪ್ರಮೇಯವೇ ಇರುವುದಿಲ್ಲ. ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದರೆ ಪ್ರತಿವರ್ಷ ಎಂಒಟಿ ಕಡ್ಡಾಯ. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್, ಎಷ್ಟೋ ಗ್ಯಾರೇಜುಗಳು ಇನ್ನೂ ಕಡಿಮೆಗೆ ಮಾಡುತ್ತವೆ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ದೀಪ, ಸೀಟ್‌ಬೆಲ್ಟ್, ಹೊಗೆ, ಚಾಸಿಯ ತುಕ್ಕು ಎಲ್ಲವನ್ನೂ ನೋಡುತ್ತಾರೆ. ಟೈರಿನ ಗ್ರಿಪ್ ನಡುವಿನ ಮುಕ್ಕಾಲು ಅಗಲದಲ್ಲಿ, ಸುತ್ತಲೂ, ಕನಿಷ್ಠ 1.6 ಮಿ.ಮೀ. ಇರಬೇಕು. ಚಾಲಕನ ಕಣ್ಣೆದುರಿನ ಗಾಜಿನಲ್ಲಿ 10 ಮಿ.ಮೀ.ಗಿಂತ ದೊಡ್ಡ ಬಿರುಕಿದ್ದರೆ ಫೇಲ್. ಏರ್‌ಬ್ಯಾಗಿನದೋ ಎಬಿಎಸ್‌ನದೋ ಎಚ್ಚರಿಕೆ ದೀಪ ಉರಿಯುತ್ತಲೇ ಇದ್ದರೂ ಫೇಲ್.

ಆದರೆ ಕ್ಲಚ್, ಗೇರ್‌ಬಾಕ್ಸ್, ಎಂಜಿನ್ನಿನ ಒಳಗಿನ ಸ್ಥಿತಿ ಇವು ಪರೀಕ್ಷೆಯ ಲೆಕ್ಕಕ್ಕೇ ಬರುವುದಿಲ್ಲ. ಯಾವ ಭಾಗವನ್ನೂ ಬಿಚ್ಚಿ ನೋಡುವುದಿಲ್ಲ. ಅಂದರೆ ನಿನ್ನೆ ಎಂಒಟಿ ಪಾಸಾದ ಕಾರಿನ ಗೇರ್‌ಬಾಕ್ಸ್ ಇವತ್ತು ಕೈಕೊಡಬಹುದು.

ಸರ್ಕಾರಿ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ ಆ ಕಾರಿನ ಹಳೆಯ ಎಂಒಟಿಗಳೆಲ್ಲ ಪುಕ್ಕಟೆ ಸಿಗುತ್ತವೆ. ಮೊದಲು ಮೈಲೇಜ್, ಅಂದರೆ ಕಾರು ಅಲ್ಲಿಯವರೆಗೆ ಓಡಿದ ಒಟ್ಟು ದೂರ, ನೋಡಿ. ಒಂದು ವರ್ಷ ಓಡಿದ ಅಂಕಿ ಮುಂದಿನ ವರ್ಷ ಇಳಿದಿದ್ದರೆ ಮೀಟರ್ ತಿರುಗಿಸಿರಬಹುದು, ಇಲ್ಲವೇ ಬರೆಯುವಾಗ ತಪ್ಪಾಗಿರಬಹುದು. ಮಾರುವವರನ್ನು ಕೇಳಿ. ಆಮೇಲೆ ‘ಅಡ್ವೈಸರಿ’ಗಳನ್ನು ಓದಿ. ಫೇಲ್ ಮಾಡುವಷ್ಟು ಕೆಟ್ಟಿಲ್ಲ, ಆದರೆ ಕಣ್ಣಿಟ್ಟಿರಿ ಎಂದು ಪರೀಕ್ಷಕರು ಬರೆದಿಟ್ಟ ಟಿಪ್ಪಣಿಗಳು ಅವು. ಬ್ರೇಕ್ ಪೈಪಿಗೆ ತುಕ್ಕು ಎಂದು ಮೂರು ವರ್ಷ ಸತತವಾಗಿ ಬರೆದಿದ್ದು ಯಾರೂ ಸರಿಪಡಿಸಿಲ್ಲದಿದ್ದರೆ, ಆ ಖರ್ಚು ನಿಮ್ಮ ತಲೆಗೆ ಬರಲಿದೆ ಎಂದೇ ಲೆಕ್ಕ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಚೆಲ್ಲುವುದರಿಂದ ತುಕ್ಕು ಕೆಳಗಿನಿಂದ ಹತ್ತುತ್ತದೆ. ಮೇಲೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ. ನಾನಾದರೆ ಟೈರು, ಬಲ್ಬಿನ ಅಡ್ವೈಸರಿಗೆ ಹೆದರುವುದಿಲ್ಲ, ಚಾಸಿಯ ತುಕ್ಕು ಎಂದು ಕಂಡರೆ ಬೇರೆ ಕಾರು ನೋಡುತ್ತೇನೆ.

ಹಳೆ ಮಾಲೀಕರು ಕಟ್ಟಿದ ರಸ್ತೆ ತೆರಿಗೆ ನಿಮಗೆ ವರ್ಗವಾಗುವುದಿಲ್ಲ. ಇನ್ಶೂರೆನ್ಸ್ ಮತ್ತು ತೆರಿಗೆ ಎರಡೂ ನಿಮ್ಮ ಹೆಸರಿನಲ್ಲಾದ ಮೇಲೆಯೇ ಕಾರು ರಸ್ತೆಗಿಳಿಸಿ. ಮುಂದಿನ ವರ್ಷದ ಎಂಒಟಿಗೆ ರಿಪೇರಿ ಮಾಡದ, ಸ್ಥಳೀಯ ಕೌನ್ಸಿಲ್ ನಡೆಸುವ ಕೇಂದ್ರ ಹತ್ತಿರವಿದ್ದರೆ ಅಲ್ಲಿಗೇ ಹೋಗಿ. ಇಲ್ಲದ ಕೆಲಸ ಹುಟ್ಟಿಸುವುದರಿಂದ ಅವರಿಗೇನೂ ಲಾಭವಿಲ್ಲ.

ಇನ್ನು ಲೈಸೆನ್ಸ್. ನೀವು ಇಲ್ಲಿನ ನಿವಾಸಿಯಾದ ದಿನದಿಂದ 12 ತಿಂಗಳು ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ. ನಡುವೆ ರಜೆಗೆ ಊರಿಗೆ ಹೋಗಿಬಂದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಕೆಲವು ದೇಶಗಳ ಲೈಸೆನ್ಸಿನಂತೆ ನಮ್ಮದನ್ನು ಬದಲಾಯಿಸಿಕೊಡುವುದೂ ಇಲ್ಲ. ಅವಧಿ ಮುಗಿದ ಮೇಲೆ ಒಬ್ಬರೇ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ. ನಿಮಗೆ ಉಳಿದಿರುವುದು ಏಳು ತಿಂಗಳು, ಪ್ರಾಕ್ಟಿಕಲ್ ಟೆಸ್ಟಿನ ದಿನಾಂಕ ಸಿಗಲಿಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಪ್ರೊವಿಷನಲ್ ಲೈಸೆನ್ಸಿಗೆ (ಕಲಿಯುವವರ ಲೈಸೆನ್ಸ್) ಇವತ್ತೇ ಅರ್ಜಿ ಹಾಕಿ.

ಥಿಯರಿಯಲ್ಲಿ 50 ಪ್ರಶ್ನೆಗಳಿಗೆ 43 ಸರಿ ಇರಬೇಕು. ಅದರ ಜೊತೆಗಿರುವ ಹಜಾರ್ಡ್ ಪರ್ಸೆಪ್ಷನ್‌ನಲ್ಲಿ (ವಿಡಿಯೊ ನೋಡಿ ಅಪಾಯ ಗುರುತಿಸುವ ಪರೀಕ್ಷೆ) 14 ವಿಡಿಯೊ, 75ಕ್ಕೆ 44 ಅಂಕ ಬೇಕು. ಅಪಾಯ ರೂಪುಗೊಳ್ಳತೊಡಗಿದ ಕೂಡಲೇ ಕ್ಲಿಕ್ ಮಾಡಿದರೆ 5 ಅಂಕ, ತಡವಾದಷ್ಟೂ ಕಡಿಮೆ. ಯಾವುದಕ್ಕೂ ಇರಲಿ ಎಂದು ಒಂದೇ ಸಮನೆ ಒತ್ತುತ್ತಿದ್ದರೆ ಆ ವಿಡಿಯೊಗೆ ಸೊನ್ನೆ.

ಪ್ರಾಕ್ಟಿಕಲ್ ಸುಮಾರು 40 ನಿಮಿಷ, ನಿಜವಾದ ರಸ್ತೆಯಲ್ಲೇ. 20 ಮೀಟರ್ ದೂರದ ನಂಬರ್ ಪ್ಲೇಟ್ ಓದಲಾಗದಿದ್ದರೆ ಟೆಸ್ಟ್ ಅಲ್ಲಿಗೇ ಮುಗಿಯಿತು. ಚಿಕ್ಕ ತಪ್ಪು 15ರವರೆಗೆ ನಡೆಯುತ್ತದೆ, ಗಂಭೀರವಾದದ್ದು ಒಂದಾದರೂ ಫೇಲ್. ಬೆಂಗಳೂರಿನಲ್ಲಿ ಎಂಟು ಹಾಕಿ ಪಾಸಾಗಿ ಹತ್ತು ವರ್ಷ ಓಡಿಸಿದವರಿಗೆ ಕಾರಿನ ಹಿಡಿತ ಇದ್ದೇ ಇರುತ್ತದೆ. ಎಡವುವುದು ನೋಟದಲ್ಲಿ. ಇಂಡಿಕೇಟರ್ ಹಾಕುವ ಮೊದಲೇ ಕನ್ನಡಿ ನೋಡಬೇಕು. ನಿಂತ ಕಾರು ಹೊರಡುವ ಮುಂಚೆ ಭುಜದ ಮೇಲಿಂದ ತಿರುಗಿ ನೋಡಬೇಕು, ಕನ್ನಡಿ ಸಾಲದು. ಸ್ಟಾಪ್ ಬೋರ್ಡ್ ಇದ್ದಲ್ಲಿ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು, ತೆವಳಿದರೆ ಫೇಲ್ ಆಗಬಹುದು. ಹಾಗೆಂದು ಗಂಟೆಗೆ 30 ಮೈಲಿ ವೇಗಮಿತಿಯ ರಸ್ತೆಯಲ್ಲಿ ಕಾರಣವಿಲ್ಲದೆ 20ರಲ್ಲಿ ಹೋದರೆ ಅದೂ ತಪ್ಪೇ. ರೌಂಡ್‌ಅಬೌಟಿನಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಿ. ಮೂಗು ತೂರಿಸಿದವನಿಗೇ ದಾರಿ ಎಂಬ ನಮ್ಮೂರ ನಿಯಮ ಇಲ್ಲಿ ನಡೆಯದು.

ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರಿನ ಕಾರು ಓಡಿಸುವಂತಿಲ್ಲ, ಆದ್ದರಿಂದ ಯಾವ ಕಾರು ಕೊಳ್ಳುತ್ತೀರೆಂದು ತೀರ್ಮಾನಿಸಿಕೊಂಡೇ ಟೆಸ್ಟ್ ಬುಕ್ ಮಾಡಿ. ಫೇಲಾದರೆ ಮುಂದಿನ ಟೆಸ್ಟಿನ ನಡುವೆ ಕನಿಷ್ಠ 10 ಕೆಲಸದ ದಿನ ಇರಬೇಕು. ಊರಿನಿಂದ ಬಂದ ಅನುಭವಸ್ಥರಿಗೂ ಟೆಸ್ಟಿಗೆ ಮುಂಚೆ ಇಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ನಾಲ್ಕೈದು ಪಾಠವಾದರೂ ಬೇಕು ಎನ್ನುವುದು ನನ್ನ ಅಭಿಪ್ರಾಯ. ಮೊದಲ ಪಾಠದಲ್ಲೇ ‘ನನಗೆ ಕಲಿಸಬೇಡಿ, ಟೆಸ್ಟಿನಂತೆ ಓಡಿಸಿ ತಪ್ಪುಗಳನ್ನು ಎಣಿಸಿ’ ಎಂದು ಕೇಳಿ.