ದರ್ಜಿಗೆ ಗೊತ್ತಿದ್ದ ಅಳತೆ

ಗಂಡ ಹೆಂಡತಿಯ ಜಗಳವೆಂದು ಶುರುವಾಗಿ ಸಕ್ಕರೆ ಕಾಯಿಲೆಯಲ್ಲಿ ಹೋಗಿ ನಿಲ್ಲುವ ಪ್ರಕರಣಗಳು ಈಚೆಗೆ ಆಪ್ತಸಮಾಲೋಚಕಿಯಾದ ನನ್ನ ಬಳಿ ಪದೇ ಪದೇ ಬರುತ್ತಿವೆ. ಅಂಥ ಒಂದನ್ನು ಆ ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕಸುಬನ್ನು ಮಾತ್ರ ಬದಲಿಸಲಾಗಲಿಲ್ಲ, ಅದಿಲ್ಲದೆ ಪ್ರಕರಣವೇ ಇಲ್ಲ.

ಆತ ದರ್ಜಿ, ವಯಸ್ಸು ನಲವತ್ತು ದಾಟಿದೆ. ಅಂಗಡಿಯಲ್ಲಿ ಕಾಜಾ, ಗುಂಡಿಯ ಕೆಲಸ ಹೆಂಡತಿಯದು. ದೂರು ತಂದವಳು ಆಕೆ. ಗಂಡ ಹಾಸಿಗೆಯನ್ನು ನಡುಮನೆಗೆ ಸಾಗಿಸಿಕೊಂಡಿದ್ದಾನೆ, ಮಾತೆತ್ತಿದರೆ ಸಿಡುಕುತ್ತಾನೆ, ರಾತ್ರಿ ಮೂರು ನಾಲ್ಕು ಸಲ ಎದ್ದು ಮೊಬೈಲ್ ಹಿಡಿದು ಹಿತ್ತಲಿಗೆ ಹೋಗುತ್ತಾನೆ. ಇದರ ಅರ್ಥವೇನೆಂದು ಆಕೆ ಆಗಲೇ ತೀರ್ಮಾನಿಸಿಕೊಂಡು ಬಂದಿದ್ದಳು. ಹಿತ್ತಲಿನ ಶೌಚಾಲಯಕ್ಕೆ ದೀಪವಿಲ್ಲ, ಮೊಬೈಲೇ ಟಾರ್ಚ್ ಎಂದು ಆತ ಹೇಳಿದ್ದನ್ನು ನಂಬುವ ಸ್ಥಿತಿಯಲ್ಲಿ ಇರಲಿಲ್ಲ.

ಎರಡನೆಯ ಭೇಟಿಯಲ್ಲಿ ಆಕೆ ಕೊನೆಯ ಸಾಕ್ಷಿ ಎಂಬಂತೆ ಒಂದು ಮಾತು ಹೇಳಿದಳು. "ಮೇಡಂ, ಇವರು ತಮ್ಮ ಪ್ಯಾಂಟುಗಳನ್ನೆಲ್ಲ ನನಗೆ ಗೊತ್ತಾಗದ ಹಾಗೆ ಬಿಚ್ಚಿ, ಸೊಂಟ ಚಿಕ್ಕದು ಮಾಡಿ ಹೊಲಿದುಕೊಂಡಿದ್ದಾರೆ. ಈ ವಯಸ್ಸಿನಲ್ಲಿ ಯಾರ ಕಣ್ಣಿಗೆ ಚೆನ್ನಾಗಿ ಕಾಣಬೇಕು, ಕೇಳಿ."

ನಾನು ಆತನ ಕಡೆ ತಿರುಗಿ, ಎಷ್ಟು ಚಿಕ್ಕದು ಮಾಡಿದಿರಿ ಎಂದೆ.

"ಮೂವತ್ತಾರು ಇತ್ತು. ಈಗ ಮೂವತ್ತಮೂರು." ಗಿರಾಕಿಯ ಅಳತೆ ಕೂಗುವ ಧ್ವನಿಯಲ್ಲೇ ಹೇಳಿದ, ತಲೆ ಎತ್ತಲಿಲ್ಲ.

ಊಟ ಕಡಿಮೆ ಮಾಡಿದ್ದೀರಾ? ಇಲ್ಲ, ಹಸಿವು ಮೊದಲಿಗಿಂತ ಜಾಸ್ತಿ. ಬಾಯಾರಿಕೆ? ಇದಕ್ಕೆ ಹೆಂಡತಿ ಉತ್ತರ ಕೊಟ್ಟಳು: ಮಿಷನ್ ಪಕ್ಕದ ನೀರಿನ ಬಾಟಲಿಯನ್ನು ಮಧ್ಯಾಹ್ನದೊಳಗೆ ಮೂರು ಸಲ ತುಂಬಿಸಬೇಕು. ಕಣ್ಣು? ಸೂಜಿಗೆ ದಾರ ಪೋಣಿಸುವ ಕೆಲಸವನ್ನೂ ಈಗ ಆಕೆಗೇ ವಹಿಸಿದ್ದಾನೆ. ಅದನ್ನು ಆಕೆ ಸೋಮಾರಿತನದ ಪಟ್ಟಿಗೆ ಸೇರಿಸಿದ್ದಳು.

"ಶುಗರ್ ಇರಬಹುದೆಂದು ನಿಮಗೆ ಅನಿಸಲಿಲ್ಲವೇ?"

"ಅನಿಸಿತ್ತು. ನಮ್ಮ ಅಪ್ಪನಿಗೂ ಹೀಗೇ ಶುರುವಾಗಿದ್ದು." ಅಪ್ಪನ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹಬ್ಬದ ದಿನ ಒಂದು ಒಬ್ಬಟ್ಟು ಹೆಚ್ಚಿಗೆ ಹಾಕಿಸಿಕೊಂಡರೂ "ಮಾವನ ಗತಿಯೇ ನಿಮಗೂ ಬರುತ್ತದೆ, ನೋಡುತ್ತಿರಿ" ಎಂದು ಆಕೆ ಅನ್ನುವುದು ಮನೆಯಲ್ಲಿ ಮಾಮೂಲು. ಆತ ಹೇಳಿದ: "ಪರೀಕ್ಷೆ ಮಾಡಿಸುವ ತನಕ ನಾನು ದರ್ಜಿ, ಮೇಡಂ. ಮಾಡಿಸಿದ ದಿನದಿಂದ ಆ ಮನೆಯಲ್ಲಿ ರೋಗಿ."

ಹಾಸಿಗೆ ಬೇರೆಯಾದ ಕಾರಣವನ್ನು ಆಮೇಲೆ ಒಬ್ಬನೇ ಇದ್ದಾಗ ಹೇಳಿದ. ಮತ್ತೆ ಮತ್ತೆ ಬರುವ ತುರಿಕೆ, ಹುಣ್ಣು. ಮೆಡಿಕಲ್ ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತ ದಿನ ದೂಡುತ್ತಿದ್ದ. ಹೀಗೆ ಮರುಕಳಿಸುವ ಶಿಲೀಂಧ್ರ ಸೋಂಕು ಕೂಡ ರಕ್ತದಲ್ಲಿ ಸಕ್ಕರೆ ಏರಿರುವುದರ ಸೂಚನೆಯಾಗಿರಬಹುದು. ನಾಚಿಕೆಯಿಂದ ಇದನ್ನು ವೈದ್ಯರಿಗೆ ಹೇಳದವರೇ ಹೆಚ್ಚು.

ನಾನು ಕೊಟ್ಟ ಸಲಹೆ ಇಷ್ಟು. ಅನುಮಾನದ ಚರ್ಚೆ ಸದ್ಯಕ್ಕೆ ಬಂದ್. ಈ ವಾರದಲ್ಲೇ ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ವೈದ್ಯರನ್ನು ಕಾಣಬೇಕು. ಮಾವನ ಕಾಲಿನ ಮಾತು ಮನೆಯಲ್ಲಿ ಇನ್ನು ಎತ್ತಕೂಡದು.

ಮನೆಜಗಳಕ್ಕೆ ಬಂದವರನ್ನು ಲ್ಯಾಬಿಗೆ ಕಳಿಸುವುದು, ಅದೂ ಷರತ್ತು ಹಾಕಿ, ನಮ್ಮ ವೃತ್ತಿಯ ರೀತಿಯಲ್ಲ ಎಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಇರಬಹುದು. ನಾನು ರೋಗ ನಿರ್ಣಯ ಮಾಡುವುದಿಲ್ಲ, ಮಾತ್ರೆ ಬರೆಯುವುದಿಲ್ಲ. ಆದರೆ ಅತಿ ಬಾಯಾರಿಕೆ, ರಾತ್ರಿಯ ಮೂತ್ರ, ಕಾರಣವಿಲ್ಲದೆ ಇಳಿದ ತೂಕ ಮೂರೂ ಒಬ್ಬನಲ್ಲೇ ಕಾಣುತ್ತಿರುವಾಗ ವಾರಗಟ್ಟಲೆ ನಂಬಿಕೆಯ ಬಗ್ಗೆ ಮಾತನಾಡಿಸುತ್ತ ಕೂರಲು ನನಗೆ ಸಾಧ್ಯವಿಲ್ಲ. ಹೆದರಿಸಬೇಡಿ ಎಂದದ್ದಕ್ಕೂ ಆಕ್ಷೇಪ ಬಂತು. ಹೆದರಿಸದಿದ್ದರೆ ಜನ ಎಚ್ಚೆತ್ತುಕೊಳ್ಳುವುದಿಲ್ಲವಂತೆ! ಈತನಲ್ಲಿ ಇದ್ದದ್ದು ಅರಿವಿನ ಕೊರತೆಯೇ? ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ರಾತ್ರಿ ಕೂತು ಹೊಲಿಗೆಯೊಳಗೆ ಮುಚ್ಚಿದ. ಮತ್ತಷ್ಟು ಹೆದರಿಸಿದ್ದರೆ ಇನ್ನೂ ಒಂದಿಂಚು ಹಿಡಿದು ಹೊಲಿದುಕೊಳ್ಳುತ್ತಿದ್ದ. ಇಬ್ಬರೂ ಹೋಗಿ ಎಂದದ್ದಕ್ಕೂ ಕಾರಣವಿದೆ. ಒಬ್ಬನನ್ನೇ ಕಳಿಸಿದರೆ ಅದು ವಿಚಾರಣೆಯಾಗುತ್ತದೆ. ಮೂವತ್ತು ದಾಟಿದವರೆಲ್ಲ ಹೇಗೂ ಮಾಡಿಸಬೇಕಾದ ತಪಾಸಣೆ ಅದು, ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಅಂಟಿಕೊಳ್ಳದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಖರ್ಚೂ ಇಲ್ಲ.

ಆತನದು ಖಾಲಿ ಹೊಟ್ಟೆಯಲ್ಲಿ 212. 126 ಮುಟ್ಟಿದರೇ ಮಧುಮೇಹ ಎನ್ನುತ್ತಾರೆ. ಅದೇ ದಿನ ಮಾತ್ರೆ ಶುರುವಾಯಿತು. ಪಾದ, ಕಣ್ಣಿನ ತಪಾಸಣೆಗೂ ಬರೆದರು. ಸಕ್ಕರೆ ಹತೋಟಿಗೆ ಬರುವವರೆಗೆ ಕನ್ನಡಕ ಮಾಡಿಸಬೇಡಿ, ಸಕ್ಕರೆ ಇಳಿದಂತೆ ನಂಬರೂ ಬದಲಾಗುತ್ತದೆ ಎಂದ ವೈದ್ಯರ ಮಾತು ಆತನಿಗೆ ಹಿಡಿಸಿತು. ಅಳತೆ ನಿಲ್ಲುವ ಮೊದಲು ಬಟ್ಟೆ ಕತ್ತರಿಸಬಾರದು ಎಂಬುದು ಆತನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಕೆಲವು ತಿಂಗಳಲ್ಲಿ ರಾತ್ರಿಯ ಓಡಾಟ ನಿಂತಿತು, ಹಾಸಿಗೆ ಕೋಣೆಗೆ ಮರಳಿತು.

ನನ್ನನ್ನು ಕಾಡುತ್ತಿರುವುದು ಆಕೆಯ ವರದಿ. ಖಾಲಿ ಹೊಟ್ಟೆಯಲ್ಲಿ 114, ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲೆ 168. "ನನ್ನದು ಬಾರ್ಡರ್ ಅಷ್ಟೇ ಮೇಡಂ" ಎಂದು ನಕ್ಕು ಕಾಗದವನ್ನು ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಆಕೆಯ ಕುತ್ತಿಗೆಯ ಹಿಂಭಾಗದಲ್ಲಿ ವೆಲ್ವೆಟ್ಟಿನಂತೆ ದಪ್ಪನೆಯ ಕಪ್ಪು ಪಟ್ಟಿಯಿದೆ. ಸರ ಉಜ್ಜಿ ಆದದ್ದೆಂದು ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕುತ್ತಾಳೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೂಡುವ ಕಪ್ಪು ಹೀಗೇ ಇರುತ್ತದೆ, ಅದು ತಿಕ್ಕಿದರೆ ಹೋಗುವುದಿಲ್ಲ.

ಬಾರ್ಡರ್ ಎನ್ನುವುದನ್ನು ಪಾಸಾದೆವೆಂಬಂತೆ ಹೇಳುವವರು ಬಹಳ. ಚೆನ್ನೈಯಲ್ಲಿ ಇಂಥ ಬಾರ್ಡರಿನವರನ್ನೇ ಸುಮಾರು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮಾಮೂಲಿನಂತೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂದಿತ್ತು. ನಡಿಗೆ, ಆಹಾರದ ಬಗ್ಗೆ ನಿರಂತರ ಸಲಹೆ ಪಡೆದವರಲ್ಲಿ ಅದು 39. ಎಲ್ಲರೂ ಪಾರಾಗಲಿಲ್ಲ, ನಿಜ. ಆದರೆ ತಡೆಯಲು ಅವಕಾಶ ಹೆಚ್ಚಿರುವುದು ಈ ಹಂತದಲ್ಲೇ. ಅನ್ನ ಅರ್ಧ ಮಾಡಿ ಪಲ್ಯ, ಕಾಳು ಹೆಚ್ಚಿಸಿ, ಅಂಗಡಿ ತೆರೆಯುವ ಮೊದಲು ಅರ್ಧ ಗಂಟೆ ನಡೆಯಿರಿ, ವೈದ್ಯರು ಹೇಳಿದಂತೆ ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ ಎಂದೆ. ಆರು ತಿಂಗಳು ಕಳೆದಿವೆ. ಫೋನ್ ಮಾಡಿದರೆ "ಇವರದು ಪೂರ್ತಿ ಸರಿಯಾಗಲಿ ಮೇಡಂ, ಆಮೇಲೆ ನನ್ನದು" ಎನ್ನುತ್ತಾಳೆ.

ಗಂಡನಿಗೆ ಈಗ ನನ್ನ ಸಲಹೆ ಒಂದೇ: ಬೈಯಬೇಡಿ, ನೆನಪಿಸುತ್ತಲೂ ಇರಬೇಡಿ. ಮುಂದಿನ ಸಲ ನಿಮ್ಮ ಪರೀಕ್ಷೆಗೆ ಹೋಗುವ ದಿನ ಅಂಗಡಿಗೆ ರಜೆ ಹಾಕಿ, ಜೊತೆಗೆ ಬಾ ಎಂದು ಕರೆಯಿರಿ, ಅಲ್ಲಿ ಇಬ್ಬರ ಹೆಸರನ್ನೂ ಬರೆಸಿ. ಆತ ಒಪ್ಪಿದ್ದಾನೆ. ಆಕೆ ಇನ್ನೂ ಹೂಂ ಅಂದಿಲ್ಲ.